ಮರಗೆಣಸಿನ ಹಿಟ್ಟಿನ ಕಿರು ಉದ್ಯಮ: ಗೆಡ್ಡೆ ಕಿತ್ತ ಮೊದಲ ದಿನವೇ ನಿರ್ಣಾಯಕ

ಮರಗೆಣಸಿನ ಹಿಟ್ಟಿನ ಘಟಕ ಆರಂಭಿಸಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಗಿರಣಿಯ ಬೆಲೆಯನ್ನು. ಆದರೆ ಬೀಸುವುದು ಈ ಕೆಲಸದ ಕೊನೆಯ ಹಾಗೂ ಎಲ್ಲಕ್ಕಿಂತ ಸುಲಭದ ಹಂತ. ಹಿಟ್ಟಿನ ಬಣ್ಣ, ವಾಸನೆ, ಸುರಕ್ಷತೆ ಮತ್ತು ಲಾಭ ನಿರ್ಧಾರವಾಗುವುದು ಗೆಡ್ಡೆ ಕಿತ್ತ ಗಳಿಗೆಯಿಂದ ಅದರ ತುರಿ ಒಣಗುವವರೆಗಿನ ಅವಧಿಯಲ್ಲಿ. ಬಂಡವಾಳವನ್ನೂ ಗಮನವನ್ನೂ ಮೊದಲು ಆ ಅವಧಿಗೇ ಮೀಸಲಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಸಿ ಮರಗೆಣಸಿನಲ್ಲಿ ಶೇ. 60ರಿಂದ 65ರಷ್ಟು ನೀರಿರುತ್ತದೆ. ಕಿತ್ತ ಎರಡು ಮೂರು ದಿನಗಳಲ್ಲೇ ಗೆಡ್ಡೆ ಒಳಗಿನಿಂದ ಕೆಡತೊಡಗುತ್ತದೆ. ಅಡ್ಡಲಾಗಿ ಕತ್ತರಿಸಿ ನೋಡಿದರೆ ಬಿಳಿ ತಿರುಳಿನಲ್ಲಿ ನೀಲಿಗಪ್ಪು ಗೆರೆಗಳು ಕಾಣುತ್ತವೆ. ಅಂಥ ಗೆಡ್ಡೆಯನ್ನು ಎಷ್ಟೇ ತೊಳೆದರೂ ಬಿಳಿ ಹಿಟ್ಟು ಸಿಗುವುದಿಲ್ಲ. ಹೀಗಾಗಿ ಗೆಡ್ಡೆಯನ್ನು ಕೊಂಡು ರಾಶಿ ಹಾಕುವ ಬದಲು, ನೆಲದಲ್ಲೇ ಬಿಟ್ಟು ಬೇಕಾದಷ್ಟನ್ನು ಬೇಕಾದ ದಿನ ಕೀಳಿಸಿಕೊಳ್ಳುವಂತೆ ಬೆಳೆಗಾರರೊಂದಿಗೆ ಮೊದಲೇ ಒಪ್ಪಂದ ಮಾಡಿಕೊಳ್ಳುವುದು ಜಾಣತನ. ಬಲಿಯದ ಗೆಡ್ಡೆಯಲ್ಲಿ ಪಿಷ್ಟ ಕಡಿಮೆ, ಅತಿಯಾಗಿ ಬಲಿತದ್ದರಲ್ಲಿ ನಾರು ಹೆಚ್ಚು. ಆದ್ದರಿಂದ ನಾಟಿ ಮಾಡಿದ 9ರಿಂದ 12 ತಿಂಗಳ ನಡುವಿನ ಗೆಡ್ಡೆಯನ್ನು ಆರಿಸಿಕೊಳ್ಳಿ. ದಿನಕ್ಕೆ ಎಷ್ಟು ಗೆಡ್ಡೆ ತರಿಸಬೇಕೆಂಬುದನ್ನು ಗಿರಣಿಯ ಸಾಮರ್ಥ್ಯ ನೋಡಿ ಲೆಕ್ಕ ಹಾಕದೆ, ಒಂದು ದಿನದಲ್ಲಿ ಎಷ್ಟು ತುರಿ ಒಣಗಿಸಬಲ್ಲಿರಿ ಎಂಬುದರ ಮೇಲೆ ನಿರ್ಧರಿಸಬೇಕು.

ಇನ್ನು ಸುರಕ್ಷತೆಯ ವಿಷಯ. ಇದರಲ್ಲಿ ಯಾವ ರಾಜಿಯೂ ಸಲ್ಲದು. ಮರಗೆಣಸಿನಲ್ಲಿ ಲಿನಮರಿನ್ ಎಂಬ ರಾಸಾಯನಿಕವಿದ್ದು, ಅದರಿಂದ ವಿಷಕಾರಿಯಾದ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಕಹಿ ತಳಿಗಳಲ್ಲಿ ಇದರ ಪ್ರಮಾಣ ಹೆಚ್ಚು, ಸಿಹಿ ತಳಿಗಳಲ್ಲಿ ಕಡಿಮೆ. ಸಾಮಾನ್ಯವಾಗಿ ತಿರುಳಿಗಿಂತ ಸಿಪ್ಪೆಯಲ್ಲಿ ಅಧಿಕ. ಲಿನಮರಿನ್ ಅನ್ನು ಒಡೆಯುವ ಕಿಣ್ವವೂ ಗೆಡ್ಡೆಯಲ್ಲೇ ಇದೆ, ಆದರೆ ಜೀವಕೋಶಗಳು ಒಡೆಯದೆ ಎರಡೂ ಸೇರುವುದಿಲ್ಲ. ಗೆಡ್ಡೆಯನ್ನು ನುಣ್ಣಗೆ ತುರಿದಾಗ ಅವು ಬೆರೆತು ಸಯನೈಡ್ ಬಿಡುಗಡೆಯಾಗುತ್ತದೆ. ಅದರಲ್ಲಿ ಬಹುಪಾಲು ಹಿಂಡಿದ ನೀರಿನೊಂದಿಗೆ ಹೋಗುತ್ತದೆ ಅಥವಾ ಗಾಳಿಯಲ್ಲಿ ಆವಿಯಾಗುತ್ತದೆ. ಹೋಳು ಮಾಡಿ ಬೇಗನೆ ಒಣಗಿಸಿ ಬೀಸುವ ವಿಧಾನ ಅಗ್ಗವೆನಿಸಬಹುದು, ಆದರೆ ಹೋಳಿನಲ್ಲಿ ಕೋಶಗಳು ಸರಿಯಾಗಿ ಒಡೆಯದ ಕಾರಣ ವಿಷ ಹಿಟ್ಟಿನಲ್ಲೇ ಉಳಿಯುವ ಸಂಭವ ಹೆಚ್ಚು. ಕಹಿ ತಳಿಯಲ್ಲಂತೂ ಆ ಹಾದಿ ಬೇಡ. ಆಹಾರದ ಅಂತರರಾಷ್ಟ್ರೀಯ ಮಾನದಂಡವಾದ ಕೋಡೆಕ್ಸ್ ಪ್ರಕಾರ ಒಂದು ಕಿಲೋ ಹಿಟ್ಟಿನಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಸಯನೈಡ್ ಇರಕೂಡದು. ಮಾರಾಟ ಆರಂಭಿಸುವ ಮುನ್ನ, ಅನಂತರ ತಳಿ ಅಥವಾ ಬೆಳೆಗಾರರು ಬದಲಾದಾಗಲೆಲ್ಲ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ.

ಕೆಲಸದ ಕ್ರಮ ಹೀಗೆ. ಸಿಪ್ಪೆಯ ಹೊರ ಪದರ ಮತ್ತು ಅದರ ಕೆಳಗಿನ ದಪ್ಪ ಪದರ ಎರಡನ್ನೂ ತೆಗೆದು, ಗೆಡ್ಡೆಯನ್ನು ಶುದ್ಧ ನೀರಿನಲ್ಲಿ ತೊಳೆಯಬೇಕು. ತುರಿಯುವ ಯಂತ್ರದ ಹಲ್ಲುಗಳು ತುಕ್ಕು ಹಿಡಿಯದ ಉಕ್ಕಿನವಾಗಿರಲಿ, ಇಲ್ಲವಾದರೆ ತುರಿಗೆ ಕಲೆ ಅಂಟುತ್ತದೆ. ತುರಿಯುವ ಜಾಗದಲ್ಲಿ ಗಾಳಿ ಚೆನ್ನಾಗಿ ಆಡುವಂತಿರಬೇಕು. ತುರಿಯನ್ನು ಸ್ವಚ್ಛ ಚೀಲಗಳಲ್ಲಿ ತುಂಬಿ, ಸ್ಕ್ರೂ ಅಥವಾ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿ ನೀರು ತೆಗೆಯಬೇಕು. ಇಲ್ಲಿ ಎಷ್ಟು ನೀರು ಇಳಿಯುತ್ತದೆಯೋ ಅಷ್ಟರಮಟ್ಟಿಗೆ ಒಣಗಿಸುವ ಖರ್ಚು ತಗ್ಗುತ್ತದೆ. ಚೀಲದಿಂದ ಹೊರಬರುವ ಗಟ್ಟಿ ಮುದ್ದೆಯನ್ನು ಪುಡಿ ಮಾಡಿ ಕೂಡಲೇ ಒಣಗಲು ಹರಡಬೇಕು; ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಹುಳಿ ಬಂದು, ಬೇಕರಿಗಳು ಬಯಸುವ ವಾಸನೆಯಿಲ್ಲದ ಹಿಟ್ಟು ಕೈತಪ್ಪುತ್ತದೆ.

ಬಿಸಿಲಿನಲ್ಲಿ ಒಣಗಿಸುವುದಾದರೆ ನೆಲದಿಂದ ಎತ್ತರದಲ್ಲಿರುವ ಮಂಚಗಳ ಮೇಲೆ ತೆಳುವಾಗಿ ಹರಡಿ, ಆಗಾಗ್ಗೆ ತಿರುವಿ ಹಾಕಿ, ಧೂಳು ಮತ್ತು ನೊಣ ತಾಗದಂತೆ ನೋಡಿಕೊಳ್ಳಿ. ಮಳೆ, ಮೋಡದ ದಿನಗಳಲ್ಲೂ ಘಟಕ ನಡೆಯಬೇಕೆಂದಿದ್ದರೆ ಬಿಸಿಗಾಳಿಯ ಡ್ರೈಯರ್ ಬೇಕೇ ಬೇಕು. ಗಿರಣಿಗಿಂತ ಮೊದಲು ಹಣ ಹೂಡಬೇಕಾದದ್ದು ಇದಕ್ಕೇ. ಚೆನ್ನಾಗಿ ಒಣಗಿದ ತುರಿಯನ್ನು ಬೆರಳುಗಳ ನಡುವೆ ಒತ್ತಿದರೆ ಸದ್ದು ಮಾಡಿ ಪುಡಿಯಾಗುತ್ತದೆ. ಮೆತ್ತಗೆ ಬಾಗಿದರೆ ಇನ್ನೂ ಒಣಗಬೇಕು. ಆದರೂ ಕೈಯ ಅಂದಾಜನ್ನಷ್ಟೇ ನೆಚ್ಚಿಕೊಳ್ಳದೆ ತೇವಾಂಶ ಮಾಪಕ ಇಟ್ಟುಕೊಳ್ಳಿ. ತೇವಾಂಶ ಶೇ. 10ರಿಂದ 12ರ ಒಳಗಿದ್ದರೆ ಹಿಟ್ಟು ತಿಂಗಳುಗಟ್ಟಲೆ ಬಾಳುತ್ತದೆ, ಮೀರಿದರೆ ಬೂಸ್ಟು ಹಿಡಿಯುತ್ತದೆ.

ಹ್ಯಾಮರ್ ಮಿಲ್‌ನಲ್ಲಿ (ಸುತ್ತಿಗೆಯಂಥ ತುಂಡುಗಳಿಂದ ಬಡಿದು ಪುಡಿ ಮಾಡುವ ಗಿರಣಿ) ಬೀಸಿ, ನಯವಾದ ಜರಡಿಯಲ್ಲಿ ನಾರು ಬೇರ್ಪಡಿಸಿ, ಹಿಟ್ಟು ತಣ್ಣಗಾದ ಮೇಲೆ ಗಾಳಿಯಾಡದ ಚೀಲಗಳಲ್ಲಿ ತುಂಬಿ. ಬಿಸಿ ಹಿಟ್ಟನ್ನು ಕಟ್ಟಿದರೆ ಚೀಲದೊಳಗೆ ಬೆವರಿ ಗಂಟುಗಟ್ಟುತ್ತದೆ.

ಲೆಕ್ಕಾಚಾರದಲ್ಲಿ ಅನೇಕರು ಎಡವುವುದು ಇಳುವರಿಯ ವಿಚಾರದಲ್ಲಿ. ಒಂದು ಕಿಲೋ ಹಿಟ್ಟಿಗೆ ಸರಿಸುಮಾರು ನಾಲ್ಕರಿಂದ ಐದು ಕಿಲೋ ಹಸಿ ಗೆಡ್ಡೆ ಬೇಕು. ಅಂದರೆ ಗೆಡ್ಡೆಯ ಬೆಲೆ ಕಿಲೋಗೆ ಒಂದು ರೂಪಾಯಿ ಏರಿದರೆ ಹಿಟ್ಟಿನ ವೆಚ್ಚ ನಾಲ್ಕೈದು ರೂಪಾಯಿ ಏರುತ್ತದೆ. ಮಣ್ಣು, ತೊಟ್ಟು ಬಿಡಿಸಿದ ನಂತರವೇ ತೂಗಿಸಿಕೊಳ್ಳಿ. ಒಂದೇ ತೂಕದ ಎರಡು ಮಾದರಿಗಳನ್ನು ನೀರಿನಲ್ಲಿ ಮುಳುಗಿಸಿ ತೂಗಿದಾಗ ಯಾವುದು ಹೆಚ್ಚು ತೂಗುತ್ತದೆಯೋ ಅದರಲ್ಲಿ ಪಿಷ್ಟ ಹೆಚ್ಚು. ಖರೀದಿಯ ಬೆಲೆ ನಿಗದಿಗೆ ಇದು ಸರಳವಾದ ಪರೀಕ್ಷೆ.

ಗೋಧಿ ಹಿಟ್ಟಿನ ಕಣಕಕ್ಕೆ ಜಿಗುಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನ್ ಈ ಹಿಟ್ಟಿನಲ್ಲಿ ಇಲ್ಲ. ಹಾಗಾಗಿ ಬ್ರೆಡ್ ಉಬ್ಬಬೇಕಾದರೆ ಗೋಧಿ ಹಿಟ್ಟಿನೊಂದಿಗೆ ಶೇ. 10ರಿಂದ 20ರಷ್ಟು ಮಾತ್ರ ಬೆರೆಸಲು ಸಾಧ್ಯ. ಬಿಸ್ಕತ್ತಿಗೆ ಇನ್ನೂ ಹೆಚ್ಚು ಬೆರೆಸಬಹುದು. ಗ್ಲುಟೆನ್ ಒಗ್ಗದವರಿಗಾಗಿ ತಿನಿಸು ತಯಾರಿಸುವವರೂ ಅಂಟು ತಯಾರಕರೂ ಇದರ ಗ್ರಾಹಕರೇ. ಯಂತ್ರ ಕೊಳ್ಳುವ ಮುನ್ನವೇ ಸ್ವಲ್ಪ ಹಿಟ್ಟು ತಯಾರಿಸಿ, ಇಬ್ಬರು ಮೂವರು ಖರೀದಿದಾರರಿಗೆ ಬಳಸಲು ಕೊಟ್ಟು, ಅವರಿಗೆ ಬೇಕಾದ ನಯ, ಬಣ್ಣ ಮತ್ತು ಪ್ರಮಾಣವನ್ನು ಬರಹದಲ್ಲಿ ಪಡೆದುಕೊಳ್ಳಿ.

ಹಿಂಡಿದ ನೀರನ್ನು ಕೆರೆ, ಕಾಲುವೆಗಳಿಗೆ ಬಿಡಕೂಡದು. ಅದರಲ್ಲಿ ಸಯನೈಡ್ ಇರುವುದರಿಂದ ಮೀನು, ದನಕರುಗಳಿಗೆ ಅಪಾಯ. ತೊಟ್ಟಿಯಲ್ಲಿ ನಿಲ್ಲಿಸಿದರೆ ತಳದಲ್ಲಿ ಪಿಷ್ಟ ಕೂರುತ್ತದೆ, ಅದನ್ನು ಒಣಗಿಸಿ ಪ್ರತ್ಯೇಕವಾಗಿ ಮಾರಬಹುದು. ಮೇಲಿನ ನೀರನ್ನು ಸಂಸ್ಕರಿಸಿದ ನಂತರವಷ್ಟೇ ಹೊರಬಿಡಬೇಕು. ಹಸಿ ಸಿಪ್ಪೆಯನ್ನು ಜಾನುವಾರುಗಳಿಗೆ ನೇರವಾಗಿ ಹಾಕದೆ ಗೊಬ್ಬರದ ಗುಂಡಿಗೆ ಸೇರಿಸುವುದು ಕ್ಷೇಮ.