ಕೊನೆಯ ಟಿಟಿ ಸೂಜಿ (ಧನುರ್ವಾಯು ತಡೆಯುವ ಲಸಿಕೆ) ಯಾವಾಗ ಹಾಕಿಸಿದ್ದು, ನೆನಪಿದೆಯಾ?

ಅಣ್ಣಾರ, ಅಕ್ಕಾರ, ಹೋದ ವಾರ ನವಲಗುಂದದ ನಮ್ಮ ಹೊಲದಲ್ಲಿ ಕಳೆ ತೆಗೆಯುವಾಗ ನನ್ನ ಕೈಗೆ ಕುರ್ಚಿಗಿ ತಾಗಿತು. ಡಾಕ್ಟರು ಮೊದಲು ಕೇಳಿದ್ದೇ "ಕೊನೆಯ ಟಿಟಿ ಯಾವಾಗ?" ಅಂತ. ನೆನಪೇ ಇಲ್ಲ! ಮಕ್ಕಳ ಲಸಿಕೆ ಕಾರ್ಡು ಜೋಪಾನ ಮಾಡ್ತೇವೆ, ನಮ್ಮದು ಯಾರು ಕೇಳ್ತಾರೆ ಅಲ್ವಾ?

ಲೆಕ್ಕ ಸುಲಭ. ಚಿಕ್ಕಂದಿನ ಡೋಸು ಪೂರ್ತಿ ಆಗಿದ್ದರೆ 10 ವರ್ಷಕ್ಕೊಮ್ಮೆ ಬೂಸ್ಟರ್. ಗಾಯ ಆಳವಾಗಿದ್ದು ಮಣ್ಣು, ಸಗಣಿ ಮೆತ್ತಿದ್ದರೆ, ಹಿಂದಿನದಕ್ಕೆ 5 ವರ್ಷ ದಾಟಿದ್ದರೂ ಹಾಕಿಸಬೇಕು. ಹಾಗಂತ ಸಣ್ಣ ಗೀರಿಗೆಲ್ಲ ಪ್ರತಿ ಸಲ ಚುಚ್ಚಿಸಿಕೊಳ್ಳಬೇಕಿಲ್ಲ. ಚಿಕ್ಕಂದಿನಲ್ಲಿ ಹಾಕಿಸಿದ್ದೇ ಗೊತ್ತಿಲ್ಲದವರು ಡಾಕ್ಟರಿಗೆ ಹಾಗೇ ಹೇಳಿ. ಅವರಿಗೆ ಒಂದು ಸೂಜಿ ಸಾಲುವುದಿಲ್ಲ.

ತುಕ್ಕು ಹಿಡಿದ ಮೊಳೆಯಿಂದಲೇ ಧನುರ್ವಾಯು ಬರುತ್ತದೆ ಅಂತ ನಾನೂ ನಂಬಿದ್ದೆ. ತುಕ್ಕಿನ ತಪ್ಪಿಲ್ಲ, ರೋಗಾಣು ಇರುವುದು ಮಣ್ಣು, ಸಗಣಿಯಲ್ಲಿ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹಾಗಾಗಿ ಓಣಿಯವರೆಲ್ಲ ಲಸಿಕೆ ಹಾಕಿಸಿಕೊಂಡರೂ ನಿಮಗೆ ರಕ್ಷಣೆ ಸಿಗದು. ಒಮ್ಮೆ ಈ ರೋಗ ಬಂದು ವಾಸಿಯಾದವರಿಗೂ ಲಸಿಕೆ ಬೇಕು.

ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಟಿಟಿ ಬದಲು ಟಿಡಿ ಕೊಡುತ್ತಾರೆ. ಅದರಲ್ಲಿ ಗಂಟಲುಮಾರಿಗೂ ಮದ್ದಿದೆ. ಬಾಯಲ್ಲಿ ಮಾತ್ರ ಎಲ್ಲರೂ ಇನ್ನೂ ಟಿಟಿ ಅಂತಲೇ ಅನ್ನುವುದು. ಎರಡು ದಿನ ತೋಳು ನೋಯುತ್ತದೆ, ಅಷ್ಟೇ.

ಮನೆಯಲ್ಲಿ ಹಿರಿಯರು, ಶುಗರ್, ದಮ್ಮು ಇದ್ದವರು ಇದ್ದರೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆಯೂ ಕೇಳಿ. ಆ ವೈರಸ್ ಬದಲಾಗುತ್ತಾ ಇರುತ್ತದೆ, ಹಳೆಯದು ಸಾಲದು.

ನಾನಂತೂ ಈ ಸಲ ತಾರೀಖನ್ನು ಆಧಾರ್ ಝೆರಾಕ್ಸ್ ಹಿಂದೆ ಬರೆದು, ಫೋಟೋ ತೆಗೆದು ಫೋನಿನಲ್ಲಿ ಇಟ್ಟಿದ್ದೇನೆ.