ಜೈಪುರದ ರಾಜ್ ಮಂದಿರ್: ಪಿಕ್ಚರ್ ಯಾವ್ದಾದ್ರೇನು, ನಾವು ಹೋಗಿದ್ದು ಥಿಯೇಟರ್ ನೋಡೋಕೆ

ಜೈಪುರ ಅಂದ್ರೆ ಎಲ್ರೂ ಆಮೇರ್ ಕೋಟೆ, ಹವಾ ಮಹಲ್, ಜಂತರ್ ಮಂತರ್ ಅಂತ ಲಿಸ್ಟ್ ಮಾಡ್ಕೊಂಡು ಹೋಗ್ತಾರೆ, ನಾವೂ ಅದೇ ಲಿಸ್ಟ್ ಹಿಡ್ಕೊಂಡೇ ಹೋದ್ವಿ, ಆದ್ರೆ ನಂಗೆ ಅದ್ರಲ್ಲಿ ಎಲ್ಲಕ್ಕಿಂತ ಮುಖ್ಯ ಆಗಿದ್ದು ರಾಜ್ ಮಂದಿರ್ ಸಿನಿಮಾ. "ಅಷ್ಟು ದೂರ ಹೋಗಿ ಪಿಕ್ಚರ್ ನೋಡೋದಾ ರೀ" ಅಂತ ನಮ್ಮನೆಯವ್ರು ಕೇಳಿದ್ರು. ಪಿಕ್ಚರ್ ಅಲ್ಲ ಮಾರಾಯ್ತಿ, ಬಿಲ್ಡಿಂಗ್ ನೋಡೋಕೆ ಅಂದೆ. ಬೆಂಗಳೂರಲ್ಲಿ ಕಪಾಲಿ ಹೋಯ್ತು, ಪ್ಲಾಜಾ ಹೋಯ್ತು, ದೊಡ್ಡ ಪರದೆ ಥಿಯೇಟರ್ ಅಂದ್ರೇನು ಅಂತ ಮಕ್ಕಳಿಗೆ ತೋರಿಸೋಕೆ ಈಗ ಊರೂರು ಹುಡುಕ್ಬೇಕು.

ಜಾಗ ಹುಡುಕೋದು ಕಷ್ಟ ಇಲ್ಲ. ಎಂ.ಐ. ರೋಡಲ್ಲಿ ಪಾಂಚ್ ಬತ್ತಿ ಸರ್ಕಲ್ ಹತ್ರ, ಭಗವಾನ್ ದಾಸ್ ರೋಡಲ್ಲಿದೆ, ಆಟೋದವ್ರಿಗೆ ರಾಜ್ ಮಂದಿರ್ ಅಂದ್ರೆ ಸಾಕು. ಅಂದಹಾಗೆ ಈ ಎಂ.ಐ. ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್! ಮೈಸೂರು ಬಿಟ್ಟ ಮೇಲೆ 1942ರಲ್ಲಿ ಜೈಪುರ ಸಂಸ್ಥಾನಕ್ಕೆ ಪ್ರಧಾನಿಯಾಗಿ ಹೋಗಿದ್ರು. ಇದನ್ನ ಆಟೋದವ್ರಿಗೆ ಹೇಳಿದ್ರೆ ಅವ್ರು ಮೀಟರ್ ಕಡೆನೂ ನೋಡ್ಲಿಲ್ಲ, ನನ್ ಕಡೆನೂ ನೋಡ್ಲಿಲ್ಲ.

ಹೊರಗಿಂದ ನೋಡಿದ್ರೆ ತಿಳಿ ಗುಲಾಬಿ ಬಣ್ಣದ ಕೇಕ್ ಮೇಲೆ ಯಾರೋ ಕ್ರೀಮಲ್ಲಿ ಅಲೆ ಅಲೆ ಎಳೆದ ಹಾಗಿದೆ. ಮುಂದಿನ ಗೋಡೆ ಮೇಲೆ ಒಂಬತ್ತು ನಕ್ಷತ್ರ, ಅವು ನವರತ್ನದ ಲೆಕ್ಕ ಅಂತೆ. ರತ್ನದ ವ್ಯಾಪಾರದ ಊರು ತಾನೇ, ಟಿಕೆಟ್ ಕ್ಲಾಸಿಗೂ ಪರ್ಲ್, ರೂಬಿ, ಎಮರಾಲ್ಡ್, ಡೈಮಂಡ್ ಅಂತಾನೇ ಹೆಸರು. ಕಟ್ಟಿಸಿದ್ದು ಮೆಹತಾಬ್ ಚಂದ್ರ ಗೋಲ್ಛಾ, ಡಿಸೈನ್ ಡಬ್ಲ್ಯು.ಎಂ. ನಾಮ್‌ಜೋಶಿ ಅವರದ್ದು, ಆರ್ಟ್ ಮಾಡರ್ನ್ ಶೈಲಿ, ಅಂದ್ರೆ ಚೂಪು ಮೂಲೆ ಬದಲು ನುಣುಪಾಗಿ ಬಾಗಿದ ಗೆರೆಗಳಲ್ಲಿ ಕಟ್ಟೋ ರೀತಿ. 1966ರಲ್ಲಿ ಅಡಿಗಲ್ಲು ಹಾಕಿ ಪಿಕ್ಚರ್ ಶುರುವಾಗಿದ್ದು 1976ರ ಜೂನ್ 1ಕ್ಕೆ, ಅಂದ್ರೆ ಹತ್ತು ವರ್ಷ ಹಿಡೀತು. ಒಳಗೆ ಹೋದ್ಮೇಲೆ ಯಾಕೆ ಅಷ್ಟು ಹಿಡೀತು ಅಂತ ಗೊತ್ತಾಗುತ್ತೆ.

ಸುಮ್ನೆ ಒಳಗೆ ಇಣುಕಿ ಬರ್ತೀವಿ ಅಂದ್ರೆ ನಾವು ಹೋದಾಗ ಬಿಡ್ತಿರ್ಲಿಲ್ಲ, ಟಿಕೆಟ್ ಬೇಕೇ ಬೇಕು. ನಾವು ಆನ್‌ಲೈನಲ್ಲಿ ಮೊದ್ಲೇ ಎಮರಾಲ್ಡ್ ತಗೊಂಡಿದ್ವಿ. ತೀರಾ ಮುಂದೆ ಕೂತ್ರೆ ಪರದೆ ಮಾತ್ರ ಕಾಣುತ್ತೆ, ಗೋಡೆ ಚಾವಣಿ ನೋಡೋಕೆ ಕತ್ತು ತಿರುಗಿಸ್ತಾನೇ ಇರ್ಬೇಕು, ಅದಕ್ಕೆ ಸ್ವಲ್ಪ ಹಿಂದಿನ ಸೀಟೇ ನೋಡಿ ತಗೊಳ್ಳಿ.

ಮುಖ್ಯ ಅಂದ್ರೆ ಬೇಗ ಹೋಗಿ. ಶೋಗೆ ಐದು ನಿಮಿಷ ಇದ್ದಾಗ ಓಡಿ ಬರೋ ಮಲ್ಟಿಪ್ಲೆಕ್ಸ್ ಅಭ್ಯಾಸ ಇಲ್ಲಿ ಬೇಡ, ಯಾಕಂದ್ರೆ ಅರ್ಧ ಮಜಾ ಇರೋದು ಲಾಬೀಲೇ. ದೊಡ್ಡ ದೊಡ್ಡ ತೂಗುದೀಪ, ಕಾಲ್ಕೆಳಗೆ ಕಾರ್ಪೆಟ್, ಬಾಗಿಕೊಂಡು ಮೇಲೆ ಹೋಗೋ ಮೆಟ್ಟಿಲು, ಎಲ್ಲಾ ಸರಿ, ಆದ್ರೆ ನಾನು ನಿಂತು ನೋಡಿದ್ದು ಚಾವಣಿ. ತೂಗುದೀಪ ಬಿಟ್ರೆ ಅಲ್ಲಿ ಬಲ್ಬು ಕಣ್ಣಿಗೇ ಕಾಣಲ್ಲ, ಪ್ಲಾಸ್ಟರಲ್ಲಿ ಮಾಡಿರೋ ಬಾಗಿದ ಅಂಚುಗಳ ಹಿಂದೆ ಬಚ್ಚಿಟ್ಟಿದಾರೆ, ಬೆಳಕು ಮೊದ್ಲು ಚಾವಣಿಗೆ ಬಡಿದು ಆಮೇಲೆ ಕೆಳಗೆ ಬರುತ್ತೆ, ಹಾಗಾಗಿ ಎಲ್ಲೂ ಚೂಪಾದ ನೆರಳೇ ಇಲ್ಲ, ಎಲ್ರ ಮುಖಾನೂ ಚೆನ್ನಾಗೇ ಕಾಣುತ್ತೆ. ಮದುವೆ ಫೋಟೋಗ್ರಾಫರ್‌ಗಳು ಛತ್ರಿ ಲೈಟ್ ಇಟ್ಕೊಂಡು ಒದ್ದಾಡೋದು ಇದಕ್ಕೇ. ಅಲ್ಲಿ ಲೋಕಲ್ ಜನಾನೇ ಪಿಕ್ಚರ್ ಮರೆತು ಸೆಲ್ಫಿ ತಗೋತಿದ್ರು, ನಮಗೇನು ನಾಚಿಕೆ.

ಹಾಲ್ ಒಳಗೂ ಅದೇ ಉಪಾಯ, ಇನ್ನೂ ದೊಡ್ಡ ಅಳತೇಲಿ. ಅಕ್ಕಪಕ್ಕದ ಗೋಡೆ ಅಲೆ ಥರ ಮಡಚಿಕೊಂಡು ಹೋಗಿದೆ, ಶೋ ಶುರುವಾಗೋಕೆ ಮುಂಚೆ ಆ ಮಡಿಕೆಗಳಲ್ಲಿ ಲೈಟಿನ ಬಣ್ಣ ನಿಧಾನಕ್ಕೆ ಬದಲಾಗ್ತಾ ಹೋಗುತ್ತೆ. ಇದನ್ನ ಮಿಸ್ ಮಾಡ್ಕೊಂಡ್ರೆ ಟಿಕೆಟ್ ದುಡ್ಡು ದಂಡ. ಪಾಪ್‌ಕಾರ್ನ್ ಎಲ್ಲಾ ಇಂಟರ್‌ವಲ್ಲಿಗೆ ಇಟ್ಕೊಳ್ಳಿ.

ಪಿಕ್ಚರ್ ಹಿಂದಿ, ಸಬ್‌ಟೈಟಲ್ ಇರ್ಲಿಲ್ಲ, ಕಥೆ ಬಗ್ಗೆ ಹೇಳೋಕೇನೂ ಇಲ್ಲ. ಆದ್ರೆ ಸಾವಿರಕ್ಕೂ ಮೇಲೆ ಸೀಟಿರೋ ಹಾಲಲ್ಲಿ ಹೀರೋ ಎಂಟ್ರಿಗೆ ಬೀಳೋ ಶಿಳ್ಳೆ ಇದ್ಯಲ್ಲ, ಅದಕ್ಕೆ ಭಾಷೆ ಬೇಕಾಗಿಲ್ಲ. ನಮ್ಮ ಹಿಂದಿನ ಸಾಲಲ್ಲಿ ಪೇಟ ಸುತ್ತಿದ್ದ ತಾತ ಒಬ್ರು ಪ್ರತಿ ಡೈಲಾಗಿಗೂ ಜೋರಾಗಿ ಉತ್ತರ ಕೊಡ್ತಿದ್ರು, ನನ್ನ ಮಗಳು ಪರದೆ ಬಿಟ್ಟು ಅವ್ರನ್ನೇ ನೋಡ್ತಾ ಕೂತಿದ್ಲು. ಕಥೆ ಬೋರ್ ಆದ್ರೆ ಇಂಟರ್‌ವಲ್ಲಲ್ಲಿ ಎದ್ದು ಬನ್ನಿ, ತಪ್ಪೇನಿಲ್ಲ, ತುಂಬಾ ಟೂರಿಸ್ಟ್‌ಗಳು ಹಾಗೇ ಮಾಡ್ತಿದ್ರು. ನಾವು ಪೂರ್ತಿ ಕೂತ್ವಿ.

ಯಾವ ಶೋ ಅಂತ ಕೇಳಿದ್ರೆ ಸಂಜೆ ಶೋಗೇ ಹೋಗಿ ಅಂತೀನಿ. ಬೆಳಕಿರುವಾಗ ಒಳಗೆ ಹೋದ್ರೆ ಹೊರಗಿನ ಗೋಡೆಯ ಬಣ್ಣ ಸರಿಯಾಗಿ ನೋಡಬಹುದು, ವಾಪಸ್ ಬರೋಷ್ಟರಲ್ಲಿ ಕತ್ತಲಾಗಿ ಲೈಟ್ ಎಲ್ಲಾ ಹಾಕಿರ್ತಾರೆ, ಎರಡೂ ಥರ ಫೋಟೋ ಸಿಗುತ್ತೆ. ಫೋಟೋನ ರಸ್ತೆ ಆಚೆ ಕಡೆ ನಿಂತು ತೆಗೀರಿ, ಗೇಟ್ ಹತ್ರ ನಿಂತ್ರೆ ಮೇಲಿನ ನಕ್ಷತ್ರ ಫ್ರೇಮಲ್ಲಿ ಹಿಡಿಯಲ್ಲ, ಶೋ ಬಿಟ್ಟ ಜನ ಬೇರೆ ಅಡ್ಡ ಬರ್ತಾರೆ.