ಸ್ಲಂ ಬೋರ್ಡ್ ಮನೆಗಳಲ್ಲಿ ಕಸದ ರಗಳೆ ಕಡಿಮೆ ಮಾಡೋದು ಹೇಗೆ?

ಗೋಡೆ ಮೇಲೆ "ಇಲ್ಲಿ ಕಸ ಹಾಕಬಾರದು" ಎಂದು ಬರೆಸುವುದನ್ನು ಮೊದಲು ಬಿಡಿ. ಆ ಬರಹದ ಕೆಳಗೇ ಕಸ ಬಿದ್ದಿರುತ್ತದೆ, ಎಲ್ಲರೂ ನೋಡಿದ್ದೇವೆ ಅಲ್ವಾ?

ಬಳ್ಳಾರಿಯ ಸ್ಲಂ ಬೋರ್ಡ್ ಮನೆಗಳಿರಲಿ, ಆಶ್ರಯ ಕಾಲೋನಿ ಇರಲಿ, ಜನಕ್ಕೆ ತಿಳಿವಳಿಕೆ ಇಲ್ಲ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಕಸದ ಗಾಡಿ ಬರುವ ಹೊತ್ತಿಗೆ ಅರ್ಧ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಮೇಲಿನ ಅಂತಸ್ತಿನವರು ಹಾಡು ಕೇಳಿ ಬಕೆಟ್ ಹಿಡಿದು ಇಳಿಯುವಷ್ಟರಲ್ಲಿ ಗಾಡಿ ಮುಂದಿನ ಬೀದಿಗೆ ಹೋಗಿರುತ್ತದೆ, ನಾರುವ ಬಕೆಟ್ಟನ್ನು ಮತ್ತೆ ಮೇಲಕ್ಕೆ ಹೊತ್ತುಕೊಂಡು ಹೋಗೋರು ಯಾರು, ಅಲ್ಲೇ ಮೂಲೆಗೆ ಸುರಿದು ಕೆಲಸಕ್ಕೆ ಓಡುತ್ತಾರೆ. ಹಾಗಾಗಿ ಮೊದಲು ಗಾಡಿಯ ಟೈಮ್, ಆಮೇಲೆ ಬಕೆಟ್ ಇಡುವ ಜಾಗ, ಹಸಿ-ಒಣದ ಪಾಠ ಕೊನೆಗೆ.

ಟೈಮ್ ಬದಲಿಸಲು ಸುಮ್ನೆ ಜಗಳಕ್ಕೆ ಹೋಗಬೇಡಿ. ಒಂದು ವಾರ ಗಾಡಿ ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತು ನಿಂತಿತು ಎಂದು ಬರೆದಿಡಿ. ಒಂದೇ ಮೆಟ್ಟಿಲು ಹತ್ತಿ ಹೋಗುವ ಮನೆಗಳನ್ನು ಒಂದು ಗುಂಪು ಅಂದುಕೊಳ್ಳಿ, ಹೀಗೆ ಪ್ರತಿ ಮೆಟ್ಟಿಲ ಕಡೆ ಎಷ್ಟು ಮನೆಯವರು ಎಷ್ಟು ಗಂಟೆಗೆ ಕೆಲಸಕ್ಕೆ ಹೊರಡುತ್ತಾರೆ ಅನ್ನುವುದನ್ನೂ ಬರೆಯಿರಿ. ಆ ಹಾಳೆ ಹಿಡಿದು ವಾರ್ಡಿನ ಹೆಲ್ತ್ ಇನ್ಸ್‌ಪೆಕ್ಟರ್ ಹತ್ತಿರ ಹೋಗಿ. ಕೇಳಬೇಕಾದದ್ದು ಒಂದೇ: ದಿನಾ ಒಂದೇ ಹೊತ್ತು, ಒಂದೇ ಜಾಗ, ಹತ್ತು ನಿಮಿಷ ನಿಲ್ಲಬೇಕು. "ಕಸ ಸರಿಯಾಗಿ ತೆಗೀತಿಲ್ಲ ಸಾರ್" ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಹಾಳೆ ತೋರಿಸಿದರೆ ಮಾತು ಬೇರೆಯೇ ಆಗುತ್ತದೆ. ಗಾಡಿ ಓಡಿಸುವ ಅಣ್ಣನನ್ನೂ ಮೊದಲೇ ಮಾತಾಡಿಸಿ. ಅವನಿಗೆ ಎಷ್ಟು ಬೀದಿ ಹಚ್ಚಿದ್ದಾರೆ ಅನ್ನುವುದು ಗೊತ್ತಾದರೆ ನಿಮ್ಮ ಸಿಟ್ಟೂ ಸ್ವಲ್ಪ ಇಳಿಯುತ್ತದೆ.

ಎಲ್ಲರನ್ನೂ ಸೇರಿಸಿ ಮಾತಾಡಬೇಕಾ? ನಲ್ಲಿ ನೀರು ಬಿಡುವ ದಿನ ನೋಡಿ. ಅವತ್ತು ಕೊಡಗಳ ಜತೆ ಮನೆಗೊಬ್ಬರಾದರೂ ಕೆಳಗೇ ಇರುತ್ತಾರೆ. ಪಾಂಪ್ಲೆಟ್ ಹಂಚಿ ದುಡ್ಡು ಕಳೆಯಬೇಡಿ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಉರ್ದು ಮಾತಾಡುತ್ತಾರೆ. ಮೂರೂ ಭಾಷೆಯಲ್ಲಿ ಒಂದೊಂದು ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಹಾಕಿದರೆ ಸಾಕು. ಕಾಲೋನಿಯ ಹೆಣ್ಣುಮಕ್ಕಳ ದನಿಯಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಈಗ ಜಾಗ. ಪ್ರತಿ ಮೆಟ್ಟಿಲ ಕೆಳಗೆ ಮುಚ್ಚಳ ಇರುವ ಎರಡು ಡ್ರಮ್ ಇಡಿ, ಹಸಿರು ಹಸಿ ಕಸಕ್ಕೆ, ನೀಲಿ ಒಣ ಕಸಕ್ಕೆ. ರಸ್ತೆ ಮೇಲಂತೂ ಬೇಡ, ಹಂದಿ ನಾಯಿ ಎರಡೂ ಉರುಳಿಸುತ್ತವೆ. ದೊಡ್ಡ ನೀರಿನ ಡ್ರಮ್ ಬೇಡವೇ ಬೇಡ, ತುಂಬಿದ ಮೇಲೆ ಅದನ್ನು ಎತ್ತಲಾಗದೆ ಗಾಡಿಯವರು ಅಲ್ಲೇ ಬಿಟ್ಟು ಹೋಗುತ್ತಾರೆ. ಇಬ್ಬರು ಸುಲಭವಾಗಿ ಎತ್ತುವಷ್ಟಿರಲಿ. ಗಾಡಿ ಬಂದಾಗ ಡ್ರಮ್ ಹೊರಗಿಡುವ ಪಾಳಿ ವಾರಕ್ಕೊಂದು ಮನೆಗೆ. ಪಾಳಿ ತಪ್ಪಿಸುವವರು ಇದ್ದೇ ಇರುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

2016ರ ಘನತ್ಯಾಜ್ಯ ನಿಯಮಗಳಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಮನೆಯಲ್ಲೇ ಬೇರೆ ಮಾಡಿ ಕೊಡಬೇಕು ಎಂದಿತ್ತು. ಅನ್ನ, ಸಾರಿನ ಚರಟ, ಕಲ್ಲಂಗಡಿ ಸಿಪ್ಪೆ, ಟೀ ಪುಡಿ ಹಸಿಗೆ. ಮಟನ್ ಮೂಳೆಯೂ ಹಸಿಗೇ, ಆದರೆ ಭಾನುವಾರದ್ದನ್ನು ಡ್ರಮ್ಮಿಗೆ ಹಾಕದೆ ಮುಚ್ಚಿಟ್ಟು ನೇರವಾಗಿ ಗಾಡಿಗೇ ಕೊಡಿ. ಪ್ಯಾಡ್, ಡಯಾಪರ್ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಒಡೆದ ಗಾಜು, ಬ್ಲೇಡ್, ಇಂಜೆಕ್ಷನ್ ಸೂಜಿ ಹಾಗೇ ಹಾಕಿದರೆ ಕುಯ್ಯುವುದು ಪೌರಕಾರ್ಮಿಕರ ಕೈ. ಹಳೇ ಡಬ್ಬಿಯಲ್ಲಿ ತುಂಬಿ, ಟೇಪ್ ಸುತ್ತಿ, ಒಳಗೆ ಏನಿದೆ ಎಂದು ಬಾಯಲ್ಲಿ ಹೇಳಿ ಕೊಡಿ. ಎಲ್‌ಇಡಿ ಅಲ್ಲದ ಹಳೇ ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ, ಒಡೆಯಬೇಡಿ.

ಹಾಲಿನ ಪ್ಯಾಕೆಟ್ ತೊಳೆದು ಕೊಡಿ ಎಂದು ಎಲ್ಲರೂ ಹೇಳುತ್ತಾರೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಹೇಳುವವರಿಗೆ ಗೊತ್ತಿರುವುದಿಲ್ಲ! ನಲ್ಲಿ ನೀರು ಬೇಡ. ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಒಮ್ಮೆ ಅದ್ದಿ, ಕಿಟಕಿಯ ಸರಳಿಗೆ ಕ್ಲಿಪ್ ಹಾಕಿ ತೂಗುಬಿಡಿ, ಬಳ್ಳಾರಿ ಬಿಸಿಲಿಗೆ ಎಷ್ಟು ಹೊತ್ತು ಬೇಕು. ಪ್ಯಾಕೆಟ್ ಕತ್ತರಿಸುವಾಗ ತುದಿಯನ್ನು ಪೂರ್ತಿ ತೆಗೆಯಬೇಡಿ. ಆ ಚೂರನ್ನು ಯಾರೂ ಆಯುವುದಿಲ್ಲ, ಅದು ಸೀದಾ ಚರಂಡಿಗೇ. ಬಾಟ್ಲಿ, ರಟ್ಟು, ಕಬ್ಬಿಣ, ಹಾಲಿನ ಪ್ಯಾಕೆಟ್ ಎಲ್ಲ ಮೆಟ್ಟಿಲಿಗೊಂದು ಚೀಲದಲ್ಲಿ ಕೂಡಿಸಿ ತಿಂಗಳಿಗೊಮ್ಮೆ ಗುಜರಿಯವರನ್ನು ಕರೆಯಿರಿ. ಒಂದೊಂದು ಮನೆಯವರು ಬೇರೆ ಬೇರೆ ಕೊಟ್ಟರೆ ಚಿಲ್ಲರೆ ಬರುತ್ತದೆ, ಒಟ್ಟಿಗೆ ಕೊಟ್ಟರೆ ಫಿನಾಯಿಲ್ ಪೊರಕೆ ಖರ್ಚಿಗೆ ಆಗುತ್ತದೆ. ಚಿಪ್ಸ್, ಕುರ್‌ಕುರೆ ಕವರನ್ನು ಗುಜರಿಯವರು ಮುಟ್ಟುವುದಿಲ್ಲ, ಅವು ನೀಲಿ ಡ್ರಮ್ಮಿಗೆ.

ನಮ್ಮ ಊರಿನದೇ ಒಂದು ಕಸ ಇದೆ, ಜೀನ್ಸ್ ಚಿಂದಿ. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಪ್ಯಾಂಟ್ ಹೊಲಿಯುವವರು, ದಾರ ಕತ್ತರಿಸುವವರು ಎಷ್ಟು ಜನ ಇದ್ದಾರೆ ನೋಡಿ. ನೀಲಿ ದಾರದ ಉಂಡೆ ಚರಂಡಿಯ ಜಾಲರಿಗೆ ಸುತ್ತಿಕೊಂಡರೆ ಮೊದಲ ಮಳೆಗೇ ನೀರು ಮೆಟ್ಟಿಲಿಗೆ ಬರುತ್ತದೆ. ಕೆಲವರು ರಾತ್ರಿ ಸುಡುತ್ತಾರೆ. ಸ್ಟ್ರೆಚ್ ಜೀನ್ಸ್‌ನಲ್ಲಿ ಬರೀ ಹತ್ತಿ ಇರುವುದಿಲ್ಲ, ಪ್ಲಾಸ್ಟಿಕ್ ದಾರವೂ ಇರುತ್ತದೆ, ಆ ಹೊಗೆ ಪಕ್ಕದ ಮನೆಯ ಮಗುವಿನ ಎದೆಗೆ ಹೋಗುತ್ತದೆ. ಮಷಿನ್ ಪಕ್ಕದಲ್ಲೇ ಒಂದು ಚೀಲ ಕಟ್ಟಿ, ದಾರ, ಚಿಂದಿ ಎರಡೂ ಅದಕ್ಕೇ ಬೀಳಲಿ. ಪೀಸ್ ಕೊಡುವ ಮಾಲೀಕರು ರೆಡಿ ಮಾಲಿನ ಜತೆ ಚಿಂದಿಯನ್ನೂ ವಾಪಸ್ ಒಯ್ಯಬೇಕು ಎಂದು ಹೊಲಿಯುವವರೆಲ್ಲ ಒಟ್ಟಾಗಿ ಕೇಳಿ. ಸ್ವಲ್ಪ ದೊಡ್ಡ ತುಂಡುಗಳನ್ನು ಗ್ಯಾರೇಜಿನವರು ಕೈ ಒರೆಸಲು ತೆಗೆದುಕೊಳ್ಳುತ್ತಾರೆ. ಕೌದಿ ಮಾಡೋಣ ಅಂದರೆ ಬಟ್ಟೆ ದಪ್ಪ, ಕೈಹೊಲಿಗೆಗೆ ಸೂಜಿ ಇಳಿಯುವುದು ಕಷ್ಟ. ಕಾಲೊರಸು ಚೆನ್ನಾಗಿ ಆಗುತ್ತದೆ.

ಗೊಬ್ಬರ ಮಾಡುವ ಆಸೆ ಇದ್ದರೆ ಒಂದು ರೂಮಿನ ಮನೆಯೊಳಗೆ ಬೇಡ, ಹಿಂದಿನ ಖಾಲಿ ಜಾಗದಲ್ಲಿ ಬೇವಿನ ನೆರಳಿಗೆ ಒಂದು ಡ್ರಮ್ಮಿನಲ್ಲಿ ಮಾಡಿ. ತಳದಲ್ಲಿ ಒಣ ಎಲೆ, ಮೇಲೆ ಹಸಿ ಕಸ, ಅದರ ಮೇಲೆ ಮತ್ತೆ ಎಲೆ, ಸ್ವಲ್ಪ ಹುಳಿ ಮಜ್ಜಿಗೆ. ಪುಸ್ತಕದಲ್ಲಿ ನೀರು ಬಸಿಯಲು ತೂತು ಮಾಡಿ ಎಂದಿರುತ್ತದೆ, ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ತೊಂದರೆ ಅದಕ್ಕೆ ಉಲ್ಟಾ, ಎಲ್ಲ ಒಣಗಿ ಕೊಳೆಯುವುದೇ ನಿಂತುಬಿಡುತ್ತದೆ. ತರಕಾರಿ ತೊಳೆದ ನೀರು ಚಿಮುಕಿಸಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ, ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ವಾಸನೆ ಬಂದರೆ ಎಲೆ ಜಾಸ್ತಿ ಹಾಕಿ. ಸುಮಾರು ಎರಡು ತಿಂಗಳಿಗೆ ಗೊಬ್ಬರ ಸಿಗುತ್ತದೆ.

ಇಷ್ಟೆಲ್ಲ ಬೇರೆ ಮಾಡಿದ ಮೇಲೆ ಗಾಡಿಯಲ್ಲಿ ಎರಡನ್ನೂ ಒಂದೇ ಕಡೆ ಸುರಿದರೆ ಜನ ಮರುದಿನವೇ ಕೈಬಿಡುತ್ತಾರೆ, ಅದು ನ್ಯಾಯವೂ ಹೌದು. ಆಗ ಗಾಡಿಯವರ ಜತೆ ಜಗಳ ಬೇಡ. ಗಾಡಿಯೊಳಗೆ ನಡುವೆ ತಗಡು ಇದೆಯಾ ನೋಡಿ, ಇಲ್ಲದಿದ್ದರೆ ಅದನ್ನು ಹಾಕಿಸಿ ಎಂದು ಪಾಲಿಕೆಗೆ ಅರ್ಜಿ ಕೊಡಿ, ಫೋಟೋದಲ್ಲಿ ತಾರೀಖು, ಹೊತ್ತು ಕಾಣಲಿ. ಕಸದ ದೂರು ಕೊಡುವ ಸರ್ಕಾರದ ಸ್ವಚ್ಛತಾ ಆ್ಯಪಿನಲ್ಲೂ ಅದೇ ಫೋಟೋ ಹಾಕಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ, ಮುಂದಿನ ಸಲ ಹೋದಾಗ "ಯಾವ ಅರ್ಜಿ?" ಅಂತ ಕೇಳುತ್ತಾರೆ.